ತಲೆಯೋ, ಒಡಲೋ, ನೆನಪೋ?
‘ಹಯವದನ’ ಮತ್ತು ‘ಯಶೋಧರ ಚರಿತೆ’ಗಳಲ್ಲಿ ‘ನಾನು’ ಎಂಬುದರ ವಿಚಾರ

ಮನುಷ್ಯನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ‘ನಾನು’ ಎಂಬುದು. ಅವನು ಎಲ್ಲಕ್ಕಿಂತ ಕಡಿಮೆ ವಿಚಾರ ಮಾಡಿರುವ ಮಾತೂ ಅದೇ. ಹುಟ್ಟಿದಂದಿನ ಮೈ ಇಂದು ಉಳಿದಿಲ್ಲ, ಬಾಲ್ಯದ ಬುದ್ಧಿ ಉಳಿದಿಲ್ಲ, ನೆನಪುಗಳಲ್ಲಿ ಮುಕ್ಕಾಲು ಪಾಲು ಅಳಿಸಿಹೋಗಿವೆ. ಆದರೂ ಅಂದಿನವನೂ ಇಂದಿನವನೂ ಒಬ್ಬನೇ ಎಂದು ನಾವೂ ನಂಬುತ್ತೇವೆ, ಲೋಕವೂ ನಂಬುತ್ತದೆ. ಈ ನಂಬಿಕೆಗೆ ಆಧಾರವೇನು? ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಮಾಡಿದ ಕರ್ಮದ ಹೊಣೆ ಯಾರದು, ಕೈಗೊಂಡ ವ್ರತ ಯಾರದು, ನೆನಪು ಕಳೆದುಕೊಂಡು ಮೂಲೆ ಹಿಡಿದಿರುವ ಮನೆಯ ಹಿರಿಯರು ಯಾರು ಎಂಬ ನಿತ್ಯದ ಪ್ರಶ್ನೆಗಳೆಲ್ಲವೂ ಇದರ ಉತ್ತರವನ್ನೇ ಅವಲಂಬಿಸಿವೆ.

ಈ ವಿಚಾರವನ್ನು ಕಥೆಯ ರೂಪದಲ್ಲಿ ಎತ್ತಿಕೊಂಡ ಎರಡು ಕೃತಿಗಳು ಕನ್ನಡದಲ್ಲಿವೆ. ಒಂದು, ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’. ಇನ್ನೊಂದು, ಗಿರೀಶ ಕಾರ್ನಾಡರು 1971ರಲ್ಲಿ ಪ್ರಕಟಿಸಿದ ‘ಹಯವದನ’ ನಾಟಕ. ಎರಡರ ನಡುವೆ 762 ವರ್ಷಗಳ ಅಂತರವಿದೆ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಎರಡೂ ಇನ್ನಷ್ಟು ಸ್ಪಷ್ಟವಾಗುತ್ತವೆ ಎಂಬುದು ಈ ಲೇಖನದ ಅಭಿಪ್ರಾಯ.

ತಲೆಗೆ ಸಂದ ತೀರ್ಪು

‘ಹಯವದನ’ದ ಕಥೆ ಹಳೆಯದು. ‘ಕಥಾಸರಿತ್ಸಾಗರ’ದ ಬೇತಾಳ ಕಥೆಗಳಲ್ಲಿ ಇದರ ಬೀಜವಿದೆ. ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಅದನ್ನೇ ಕಿರುಕಾದಂಬರಿಯಾಗಿ ಬೆಳೆಸಿದನು. ಕಾರ್ನಾಡರು ಎರಡನ್ನೂ ಬಳಸಿಕೊಂಡು, ಯಕ್ಷಗಾನದ ಭಾಗವತನನ್ನು ರಂಗಕ್ಕೆ ತಂದು, ತಮ್ಮದೇ ಆದ ನಾಟಕವನ್ನು ಕಟ್ಟಿದರು.

ಧರ್ಮಪುರದಲ್ಲಿ ದೇವದತ್ತ ಮತ್ತು ಕಪಿಲರೆಂಬ ಇಬ್ಬರು ಗೆಳೆಯರು. ದೇವದತ್ತ ವಿದ್ಯಾವಂತ, ಕೋಮಲ ಶರೀರಿ. ಕಪಿಲ ಕಮ್ಮಾರನ ಮಗ, ಕಟ್ಟುಮಸ್ತಾದ ಆಳು. ದೇವದತ್ತನ ಹೆಂಡತಿ ಪದ್ಮಿನಿ ಒಬ್ಬನ ಬುದ್ಧಿಯನ್ನೂ ಇನ್ನೊಬ್ಬನ ಮೈಕಟ್ಟನ್ನೂ ಮೆಚ್ಚುತ್ತಾಳೆ. ಕಾಳಿಯ ಗುಡಿಯಲ್ಲಿ ಗೆಳೆಯರಿಬ್ಬರೂ ತಲೆ ಕಡಿದುಕೊಳ್ಳುತ್ತಾರೆ. ರುಂಡಗಳನ್ನು ಮುಂಡಗಳಿಗೆ ಸೇರಿಸೆಂದು ದೇವಿ ವರ ಕೊಟ್ಟಾಗ ಪದ್ಮಿನಿಯು ಅದಲುಬದಲು ಮಾಡಿಬಿಡುತ್ತಾಳೆ. ಎದ್ದು ನಿಂತ ಇಬ್ಬರಲ್ಲಿ ಅವಳ ಗಂಡ ಯಾರು? ಋಷಿಯೊಬ್ಬನು ತೀರ್ಪು ಕೊಡುತ್ತಾನೆ: ಅಂಗಗಳಲ್ಲಿ ತಲೆಯೇ ಪ್ರಧಾನ, ಆದುದರಿಂದ ದೇವದತ್ತನ ತಲೆಯುಳ್ಳವನೇ ದೇವದತ್ತ. ಬೇತಾಳನ ಪ್ರಶ್ನೆಗೆ ರಾಜನು ಕೊಟ್ಟ ಉತ್ತರವೂ ಇದೇ. ಹಳೆಯ ಕಥೆ ಅಲ್ಲಿಗೆ ಮುಗಿದಿತ್ತು.

ಕಾರ್ನಾಡರು ಅಲ್ಲಿಗೆ ನಿಲ್ಲಿಸಲಿಲ್ಲ. ತಲೆಯ ಆಳ್ವಿಕೆಯಲ್ಲಿ ಕಪಿಲನ ಗಟ್ಟಿ ಮೈ ದೇವದತ್ತನಲ್ಲಿ ಮೆತ್ತಗಾಗುತ್ತ ಬರುತ್ತದೆ. ಕಾಡು ಸೇರಿದ ಕಪಿಲನಲ್ಲಿ ದೇವದತ್ತನ ಮೃದು ಶರೀರ ಉಕ್ಕಿನಂತಾಗುತ್ತದೆ. ಆದರೂ ಆ ಪರಕೀಯ ಒಡಲು ತಾನು ಹಿಂದೆ ಮುಟ್ಟಿದ್ದನ್ನೂ ಅನುಭವಿಸಿದ್ದನ್ನೂ ಮರೆಯದೆ ಕಪಿಲನನ್ನು ಕಾಡುತ್ತದೆ. ನೆನಪು ತಲೆಯಲ್ಲಿ ಮಾತ್ರ ಇರುವುದಿಲ್ಲ, ಚರ್ಮದಲ್ಲಿಯೂ ಕೈಬೆರಳುಗಳಲ್ಲಿಯೂ ಇರುತ್ತದೆ ಎಂಬ ಈ ಕಾಣ್ಕೆ ನಾಟಕದ ಹಿರಿಮೆ. ಲೆಕ್ಕ ಬರೆದು ಪಳಗಿದ ಕೈ ಕತ್ತಲಲ್ಲಿಯೂ ಅಂಕಿಯನ್ನು ಸಾಲಾಗಿ ಇಡುತ್ತದೆಂಬುದನ್ನು ಅಂಗಡಿಯ ಗುಮಾಸ್ತರೆಲ್ಲರೂ ಬಲ್ಲರು. ಋಷಿಯ ತೀರ್ಪು ಎಷ್ಟು ಪೊಳ್ಳೆಂಬುದನ್ನು ನಾಟಕ ಹೀಗೆ ಒಳಗಿನಿಂದಲೇ ತೋರಿಸುತ್ತದೆ.

ನಮ್ಮ ಆಚಾರ್ಯರ ದೃಷ್ಟಿಗೂ ಈ ಭಾಗ ದೂರವಾದುದಲ್ಲ. ಜೀವನು ತಲೆಯಲ್ಲೋ ಎದೆಯಲ್ಲೋ ಒಂದು ಬಿಂದುವಿನಲ್ಲಿ ಕುಳಿತಿಲ್ಲ, ಕೋಣೆಯನ್ನು ತುಂಬುವ ದೀಪದ ಬೆಳಕಿನಂತೆ ತಾನು ಪಡೆದ ಶರೀರವನ್ನೆಲ್ಲ ವ್ಯಾಪಿಸಿರುತ್ತಾನೆ ಎಂಬುದು ಜೈನ ಸಿದ್ಧಾಂತ. ಮನಸ್ಸನ್ನೂ ದ್ರವ್ಯಮನಸ್ಸು, ಭಾವಮನಸ್ಸು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದು ಪೌದ್ಗಲಿಕವೆಂದೇ ನಮ್ಮವರು ಹೇಳಿದ್ದಾರೆ. ಆದುದರಿಂದ ‘ತಲೆಯೇ ಮನುಷ್ಯ’ ಎಂಬ ತೀರ್ಪನ್ನು ಜೈನನು ಒಪ್ಪಲಾರನು. ‘ಒಡಲೇ ಮನುಷ್ಯ’ ಎಂಬ ಪ್ರತಿತೀರ್ಪನ್ನೂ ಒಪ್ಪಲಾರನು. ರುಂಡವೂ ಪುದ್ಗಲ, ಮುಂಡವೂ ಪುದ್ಗಲ. ಎರಡು ಪುದ್ಗಲ ಪಿಂಡಗಳಲ್ಲಿ ಯಜಮಾನ ಯಾವುದೆಂದು ಕೇಳುವುದು, ಮನೆಯ ಒಡೆಯನನ್ನು ಹುಡುಕುತ್ತ ಮಾಡನ್ನೂ ಗೋಡೆಯನ್ನೂ ವಿಚಾರಿಸಿದಂತೆ.

ಕೈಗೆ ಬಂದು ಜಾರಿದ ಪ್ರಶ್ನೆ

ಇಲ್ಲಿಯೇ ‘ಹಯವದನ’ದ ಕೊರತೆಯನ್ನೂ ಹೇಳಬೇಕು. ಪದ್ಮಿನಿ ತಲೆಗಳನ್ನು ಬದಲಿಸಿದ್ದು ಅವಸರದಿಂದಲೋ ಆಸೆಯಿಂದಲೋ ಎಂಬುದನ್ನು ನಾಟಕ ಬಿಡಿಸಿ ಹೇಳುವುದಿಲ್ಲ. ಹೇಳದಿರುವುದು ನಾಟಕಕಾರನ ಹಕ್ಕು. ಆದರೆ ಕಥೆಯ ನಿಜವಾದ ಗಂಟು ಅದೇ. ಆ ಒಂದು ಕ್ಷಣದಲ್ಲಿ ಅವಳ ಭಾವ ಏನಾಗಿತ್ತು ಎಂಬ ಪ್ರಶ್ನೆ ಕೈಗೆ ಬಂದಿತ್ತು. ನಾಟಕ ಅದನ್ನು ಬಿಟ್ಟು ದೇಹಗಳ ಹಿಂದೆ ಹೋಯಿತು. ಗೆಳೆಯರಿಬ್ಬರೂ ಕಾದಾಡಿ ಸಾಯುತ್ತಾರೆ, ಪದ್ಮಿನಿ ಚಿತೆಯೇರುತ್ತಾಳೆ. ಮೂವರೂ ಅಳಿಯುತ್ತಾರೆ, ಆದರೆ ‘ಇದನ್ನು ಮಾಡಿದವರು ಯಾರು?’ ಎಂದು ಯಾರನ್ನೂ ಯಾರೂ ಕೇಳುವುದಿಲ್ಲ. ಕುದುರೆಯ ಮುಖದ ಹಯವದನನು ಪೂರ್ಣತೆಯನ್ನು ಬೇಡಿಕೊಂಡು ಪೂರ್ಣ ಕುದುರೆಯಾಗುತ್ತಾನೆ, ಕೊನೆಗೆ ಮನುಷ್ಯನ ದನಿಯನ್ನೂ ಕಳೆದುಕೊಂಡು ನೆಮ್ಮದಿಯಾಗುತ್ತಾನೆ. ತಿರ್ಯಂಚನಾಗುವುದೇ ಪೂರ್ಣತೆಯೆಂಬ ಈ ವಿನೋದದಲ್ಲಿ ನೋವೂ ಇದೆ. ವಿವೇಕವನ್ನು ಬಿಟ್ಟುಕೊಟ್ಟರೆ ದ್ವಂದ್ವ ಹೋಗುತ್ತದೆ ನಿಜ, ಆದರೆ ದ್ವಂದ್ವದಿಂದ ಪಾರಾಗುವುದಕ್ಕೂ ಅದನ್ನು ಗೆಲ್ಲುವುದಕ್ಕೂ ಬಹಳ ಅಂತರವಿದೆ.

ಕಾರ್ನಾಡರಿಗೆ ಆ ಪ್ರಶ್ನೆಯ ಅರಿವಿರಲಿಲ್ಲವೆಂದು ಹೇಳುವಂತಿಲ್ಲ. 1980ರಲ್ಲಿ ಅವರು ಯಶೋಧರನ ಕಥೆಯನ್ನೇ ಎತ್ತಿಕೊಂಡು ‘ಹಿಟ್ಟಿನ ಹುಂಜ’ವನ್ನು ಬರೆದರು. ಅಲ್ಲಿ ಸಂಕಲ್ಪಹಿಂಸೆಯ ಪ್ರಶ್ನೆ ನೇರವಾಗಿಯೇ ಬರುತ್ತದೆ. ಆದರೆ ಭವಾವಳಿಯನ್ನು ಅವರು ಬಿಟ್ಟರು. ಆಧುನಿಕ ರಂಗಭೂಮಿಗೆ ಅದು ಒಗ್ಗದೆಂದು ತೋರಿದ್ದು ಸಹಜ. ಆದರೂ ‘ನಾನು’ ಎಂಬುದರ ವಿಚಾರ ಜನ್ನನಲ್ಲಿ ಅಡಗಿರುವುದು ಆ ಬಿಟ್ಟುಹೋದ ಭಾಗದಲ್ಲಿಯೇ.

ಜನ್ನನ ಉತ್ತರ

‘ಯಶೋಧರ ಚರಿತೆ’ ನಾಲ್ಕು ಅವತಾರಗಳ, ಮುನ್ನೂರಕ್ಕೂ ಮಿಕ್ಕ ಪದ್ಯಗಳ ಚಿಕ್ಕ ಕಾವ್ಯ. ಅಮೃತಮತಿ ಮತ್ತು ಅಷ್ಟಾವಂಕರ ಪ್ರಸಂಗಕ್ಕಾಗಿ ಅದನ್ನು ಹೊಗಳುವ ವಿಮರ್ಶಕರು ಹಲವರು. ಅವರಲ್ಲಿ ಬಹುಮಂದಿ ಅನಂತರದ ಜನ್ಮಗಳ ಸಾಲನ್ನು ಧರ್ಮೋಪದೇಶದ ಬಾಲವೆಂದು ಬದಿಗಿಡುತ್ತಾರೆ. ಇದು ಸರಿಯಾದ ಓದಲ್ಲ.

ಕಥೆ ವಾಚಕರಿಗೆ ತಿಳಿದದ್ದೇ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುವ ರಾಜಿಗೆ ಬರುತ್ತಾನೆ. ದೇಹವೇ ಮನುಷ್ಯ, ದೇಹದ ಕ್ರಿಯೆಯೇ ಕರ್ಮ ಎಂದಾದರೆ ಅಲ್ಲಿ ಏನೂ ನಡೆಯಲಿಲ್ಲ. ಕೈ ಆಡಿತು, ಹಿಟ್ಟು ತುಂಡಾಯಿತು, ಅಷ್ಟೆ. ಆದರೆ ಕೊಲ್ಲುವ ಸಂಕಲ್ಪ ನಡೆಯಿತು. ಬಂಧವಾದುದು ಸಂಕಲ್ಪಿಸಿದವನಿಗೆ. ‘ನಾನು’ ಎಂದರೆ ಯಾರು ಎಂಬ ಪ್ರಶ್ನೆಗೆ ಜನ್ನನ ಮೊದಲ ಉತ್ತರ ಇಲ್ಲಿದೆ: ಭಾವಿಸುವವನು, ಒಪ್ಪುವವನು, ಆದುದರಿಂದಲೇ ಹೊಣೆಯಾಗುವವನು.

ಅನಂತರ ತಾಯಿಮಗ ಇಬ್ಬರೂ ಅಮೃತಮತಿಯಿಟ್ಟ ವಿಷದಿಂದ ಸತ್ತು ಭವದಿಂದ ಭವಕ್ಕೆ ಉರುಳುತ್ತಾರೆ. ಮಗನು ನವಿಲು, ತಾಯಿ ನಾಯಿ. ಮಗನು ಮುಳ್ಳುಹಂದಿ, ತಾಯಿ ಹಾವು. ಮಗನು ಮೀನು, ತಾಯಿ ಮೊಸಳೆ. ಆಡಿನ ಜನ್ಮಗಳೂ ಕೋಳಿಗಳ ಜನ್ಮವೂ ಕಳೆದ ಮೇಲೆ ಯಶೋಧರನ ಮಗನಾದ ಯಶೋಮತಿಯ ಅವಳಿ ಮಕ್ಕಳಾಗಿ, ಅಭಯರುಚಿ ಮತ್ತು ಅಭಯಮತಿಯರಾಗಿ, ಹುಟ್ಟುತ್ತಾರೆ. ಇಲ್ಲಿ ಮೈ ಒಂದೂ ಉಳಿಯುವುದಿಲ್ಲ, ತಲೆಯೂ ಉಳಿಯುವುದಿಲ್ಲ. ನೆನಪಾದರೂ ಎಡೆಬಿಡದೆ ಸಾಗುತ್ತದೆಯೇ ಎಂದರೆ ಅದೂ ಇಲ್ಲ. ಅರಮನೆಯಲ್ಲಿ ರಾಣಿಯನ್ನೂ ಜಾರನನ್ನೂ ಕಂಡ ನವಿಲಿಗೆ ಹಿಂದಿನದು ನೆನಪಾಗುತ್ತದೆ. ಗಾಯಗೊಂಡ ಆ ನವಿಲನ್ನು ಹಿಡಿದು ಕೊಲ್ಲುವ ನಾಯಿಗೆ ಅದು ತನ್ನ ಮಗನೆಂಬ ಗುರುತಿಲ್ಲ. ಕೋಳಿಗಳಿಗೆ ಮುನಿಯ ಮಾತು ಕಿವಿಗೆ ಬಿದ್ದಾಗ ಮಾತ್ರ ಜಾತಿಸ್ಮರಣೆ ಉಂಟಾಗುತ್ತದೆ.

ಯಶೋಮತಿಯು ತಂದೆಯ ಸದ್ಗತಿಗಾಗಿ ಶ್ರಾದ್ಧವನ್ನು ಮಾಡಿಸುತ್ತಾನೆ. ಅಡಿಗೆಗೆ ಬಂದ ಪ್ರಾಣಿಯ ದೇಹದಲ್ಲಿ ಇರುವುದು ಅವನ ತಂದೆಯ ಜೀವವೇ. ಹೆಸರಿನಲ್ಲಿ ತಂದೆಯನ್ನು ಕಾಣುವವನು ಎದುರಿಗಿರುವ ತಂದೆಯನ್ನು ಕೊಲ್ಲಿಸುತ್ತಾನೆ. ಇದನ್ನು ಬರಿಯ ಅನ್ಯಮತ ಖಂಡನೆಯೆಂದು ಓದುವುದು ಕಾವ್ಯಕ್ಕೆ ಮಾಡುವ ಅನ್ಯಾಯ. ವ್ಯಕ್ತಿಯನ್ನು ರೂಪದಿಂದಲೂ ನಾಮದಿಂದಲೂ ಗುರುತಿಸುವ ನಮ್ಮೆಲ್ಲರ ಅಭ್ಯಾಸ ಎಷ್ಟು ದೊಡ್ಡ ಕ್ರೌರ್ಯಕ್ಕೆ ದಾರಿಯಾಗಬಲ್ಲದೆಂಬುದನ್ನು ಜನ್ನನು ಒಂದೇ ಪ್ರಸಂಗದಲ್ಲಿ ಹಿಡಿದಿದ್ದಾನೆ.

ನೆನಪು ರಸೀದಿ, ಸಂದಾಯವಲ್ಲ

ನೆನಪೇ ವ್ಯಕ್ತಿ ಎಂಬ ವಾದವೂ ಒಂದುಂಟು. ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಒಂದು ಅಧ್ಯಾಯವನ್ನು ಸೇರಿಸಿ ಇದನ್ನು ಪ್ರತಿಪಾದಿಸಿದನು. ರಾಜಕುಮಾರನ ಪ್ರಜ್ಞೆ ಚಮ್ಮಾರನ ದೇಹವನ್ನು ಹೊಕ್ಕರೆ ಆ ವ್ಯಕ್ತಿ ರಾಜಕುಮಾರನೇ ಎಂದು ಅವನ ನಿರ್ಣಯ. ಸ್ಕಾಟ್ಲೆಂಡಿನ ಥಾಮಸ್ ರೀಡ್ 1785ರಲ್ಲಿ ಇದಕ್ಕೊಂದು ಆಕ್ಷೇಪವನ್ನು ಎತ್ತಿದನು. ಹುಡುಗನಾಗಿದ್ದಾಗ ತಿಂದ ಪೆಟ್ಟು ಯುವ ಸೈನ್ಯಾಧಿಕಾರಿಗೆ ನೆನಪಿದೆ. ಆ ಅಧಿಕಾರಿಯ ಸಾಹಸ ಮುಪ್ಪಿನ ಸೇನಾಪತಿಗೆ ನೆನಪಿದೆ. ಆದರೆ ಸೇನಾಪತಿಗೆ ಬಾಲ್ಯದ ಪೆಟ್ಟು ಮರೆತಿದೆ. ನೆನಪೇ ಪ್ರಮಾಣವಾದರೆ ಸೇನಾಪತಿಯು ಆ ಹುಡುಗನೂ ಹೌದು, ಅಲ್ಲವೂ ಹೌದು!

ನಮ್ಮ ಪಂಪನು ಈ ತೊಡಕಿಗೆ ಸಿಕ್ಕಲಿಲ್ಲ. ‘ಆದಿಪುರಾಣ’ದಲ್ಲಿ ಲಲಿತಾಂಗ ಮತ್ತು ಸ್ವಯಂಪ್ರಭೆಯರು ಮರುಜನ್ಮದಲ್ಲಿ ವಜ್ರಜಂಘ ಮತ್ತು ಶ್ರೀಮತಿಯರಾಗುತ್ತಾರೆ. ಜಾತಿಸ್ಮರಣೆಯುಂಟಾದ ಶ್ರೀಮತಿ ಹಿಂದಿನ ಭವದ ಸಂಗತಿಗಳನ್ನು ಪಟದಲ್ಲಿ ಚಿತ್ರಿಸುತ್ತಾಳೆ. ದಾದಿ ಪಂಡಿತೆ ಅದನ್ನು ಜಿನಾಲಯದಲ್ಲಿ ತೋರಿಸುತ್ತಾಳೆ. ವಜ್ರಜಂಘನು ಅದನ್ನು ಕಂಡು ಗುರುತಿಸುತ್ತಾನೆ. ಅವನು ಗುರುತಿಸಿದ್ದರಿಂದ ಲಲಿತಾಂಗನಾದನೇ? ಅಲ್ಲ. ಲಲಿತಾಂಗನಾಗಿದ್ದುದರಿಂದ ಗುರುತಿಸಿದನು. ‘ಅವನೇ ಇವನು’ ಎಂಬ ಜ್ಞಾನವನ್ನು ಅಕಲಂಕದೇವರೂ ಅವರ ಪರಂಪರೆಯ ತಾರ್ಕಿಕರೂ ಪ್ರತ್ಯಭಿಜ್ಞಾನವೆಂದು ಕರೆದು ಪರೋಕ್ಷ ಪ್ರಮಾಣಗಳ ಸಾಲಿನಲ್ಲಿಟ್ಟರು. ಪ್ರಮಾಣವೆಂದರೆ ಇರುವುದನ್ನು ತೋರಿಸುವುದು, ಇಲ್ಲದ್ದನ್ನು ಹುಟ್ಟಿಸುವುದಲ್ಲ.

ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ನೆನಪು ಒಂದು ರಸೀದಿ. ರಸೀದಿಯು ಹಣ ಸಂದಾಯವಾದುದಕ್ಕೆ ಸಾಕ್ಷಿ, ಅದೇ ಸಂದಾಯವಲ್ಲ. ಕೀರ್ದಿಯೂ ಖಾತೆಯೂ ಬೆಂಕಿಗೆ ಬಿದ್ದರೆ ಸಾಲ ತೀರಿತೆಂದು ಯಾವ ಪ್ರಾಮಾಣಿಕ ವರ್ತಕನೂ ಹೇಳುವುದಿಲ್ಲ. ಪಾಲುದಾರನು ನಿವೃತ್ತನಾಗಿ, ಅಂಗಡಿಯ ಹೆಸರು ಬದಲಾದರೂ, ಅವನು ಪಾಲುದಾರನಾಗಿದ್ದ ದಿನಗಳ ಸಾಲಕ್ಕೆ ಸಾಲಗಾರರು ಒಪ್ಪಿ ಬಿಡುಗಡೆ ಮಾಡದ ಹೊರತು ಅವನ ಹೊಣೆ ತಪ್ಪದೆಂದು 1932ರ ಪಾಲುದಾರಿಕೆ ಕಾಯಿದೆಯೂ ಹೇಳುತ್ತದೆ. ಒಂದು ವರ್ಷದ ಆಖೈರು ಶಿಲ್ಕೇ ಮರುವರ್ಷದ ಆರಂಭ ಶಿಲ್ಕು. ಪುಸ್ತಕ ಹೊಸದು, ಬಾಕಿ ಹಳೆಯದು. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ತಂದೆಯ ಸಾಲ ಆಸ್ತಿಯೊಡನೆ ಮಗನ ಮನೆಗೆ ಬರಬಹುದು, ಕರ್ಮದ ಬಾಕಿ ಹಾಗೆ ವರ್ಗವಾಗುವುದಿಲ್ಲ. ಯಶೋಮತಿಯ ಶ್ರಾದ್ಧದಿಂದ ಯಶೋಧರನ ಖಾತೆಗೆ ಒಂದು ಕಾಸೂ ಜಮೆಯಾಗಲಿಲ್ಲ.

ಎರಡು ಆಕ್ಷೇಪಗಳು

ಮೊದಲನೆಯದು: ಮೀನಿಗೆ ಹಿಟ್ಟಿನ ಕೋಳಿಯ ನೆನಪಿಲ್ಲದಿರುವಾಗ ಅದು ಫಲವನ್ನುಣ್ಣುವುದು ಎಲ್ಲಿಯ ನ್ಯಾಯ? ಕರ್ಮಫಲವನ್ನು ನ್ಯಾಯಾಧೀಶನೊಬ್ಬನು ವಿಧಿಸುವ ಶಿಕ್ಷೆಯೆಂದು ತಿಳಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಆದರೆ ಜೈನಧರ್ಮದಲ್ಲಿ ಅಂಥ ನ್ಯಾಯಾಧೀಶನಿಲ್ಲ. ಕುಡಿದ ವಿಷ, ಕುಡಿದದ್ದು ಮರೆತುಹೋಯಿತೆಂದು ಕೆಲಸ ಮಾಡದೆ ಬಿಡುವುದಿಲ್ಲ. ಹಾಗಾದರೆ ನೆನಪಿನ ಉಪಯೋಗವೇನು? ತಿರುಗಿ ನಡೆಯಲು ಅದು ಬೇಕು. ಕೋಳಿಗಳಿಗೆ ನೆನಪಾದುದರಿಂದಲೇ ಪಶ್ಚಾತ್ತಾಪ ಸಾಧ್ಯವಾಯಿತು. ಅಭಯರುಚಿ ಎಲ್ಲವನ್ನೂ ನೆನೆದು ಹೇಳಿದುದರಿಂದಲೇ ಬಲಿಗೆ ಕತ್ತಿ ಹಿಡಿದಿದ್ದ ಮಾರಿದತ್ತನ ಮನಸ್ಸು ತಿರುಗಿತು. ನೆನಪಿಲ್ಲದೆಯೂ ಜೀವನು ಅವನೇ, ನೆನಪಿದ್ದರೆ ಅವನು ತನ್ನನ್ನು ತಿದ್ದಿಕೊಳ್ಳಬಲ್ಲನು.

ಎರಡನೆಯದು ಬೌದ್ಧರದು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಳ್ಳುವಂತೆ ಕ್ಷಣದಿಂದ ಕ್ಷಣಕ್ಕೆ ಸಂತಾನ ಸಾಗಿದರೆ ಸಾಕು, ನಡುವೆ ನಿತ್ಯವಾದ ಜೀವವೇಕೆ? ಇದರ ಅರ್ಧವನ್ನು ನಾವು ಒಪ್ಪುತ್ತೇವೆ. ಪರ್ಯಾಯದೃಷ್ಟಿಯಿಂದ ನೋಡಿದರೆ ನಿನ್ನೆಯವನು ಇಂದು ಇಲ್ಲ. ಆದರೆ ಸಮಂತಭದ್ರಾಚಾರ್ಯರ ದೃಷ್ಟಾಂತವನ್ನು ನೆನೆಯೋಣ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾಗಿದ್ದವನು ಅಳುತ್ತಾನೆ, ಕಿರೀಟ ಬೇಕಾಗಿದ್ದವನು ನಗುತ್ತಾನೆ, ಚಿನ್ನ ಬೇಕಾಗಿದ್ದವನಿಗೆ ಅಳುವೂ ಇಲ್ಲ, ನಗುವೂ ಇಲ್ಲ. ಮೂವರು ಕಂಡದ್ದೂ ನಿಜ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹೊನ್ನಾಳಿಯ ಕಡೆಗೆ ಹರಿಯುವ ಹೊಳೆಯಲ್ಲಿ ಯಾವ ಬೊಗಸೆ ತುಂಗೆ, ಯಾವ ಬೊಗಸೆ ಭದ್ರೆ ಎಂದು ಹೊನ್ನಾಳಿ, ಗೋವಿನಕೋವಿಗಳ ರೈತನು ಕೇಳುವುದಿಲ್ಲ. ನೀರಿಗೆ ಆ ಪ್ರಶ್ನೆಯನ್ನು ಬಿಟ್ಟುಬಿಡಬಹುದು. ‘ನಾನು ಮಾಡಿದೆ’ ಎನ್ನಬೇಕಾದ ಜೀವನ ವಿಷಯದಲ್ಲಿ ಬಿಡುವಂತಿಲ್ಲ. ಉತ್ಪಾದ ವ್ಯಯಗಳ ಜೊತೆಗೆ ಧ್ರೌವ್ಯವನ್ನೂ ಹೇಳದಿದ್ದರೆ ಸಾಲ ಮಾಡಿದವನೊಬ್ಬ, ತೀರಿಸುವವನೊಬ್ಬನಾಗಿ ನೀತಿಯೇ ಕುಸಿಯುತ್ತದೆ.

ಮನೆಗೂ ಬಸದಿಗೂ ಸಂಬಂಧಿಸಿದ್ದು

ಇಷ್ಟೆಲ್ಲ ವಿಚಾರ ಕೊನೆಗೆ ಬಂದು ಮುಟ್ಟುವುದು ನಮ್ಮ ಮನೆಗಳನ್ನೇ. ಆಯುಷ್ಯ ಹೆಚ್ಚಿದಂತೆ ಮರೆವಿನ ಕಾಯಿಲೆಯೂ ನಮ್ಮ ಕುಟುಂಬಗಳಲ್ಲಿ ಹೆಚ್ಚು ಹೆಚ್ಚಾಗಿ ಕಾಣುತ್ತಿದೆ. ಮಗನ ಹೆಸರು ಮರೆತ ತಂದೆಯನ್ನು, ಊಟ ಮಾಡಿದ್ದನ್ನು ಮರೆತು ಮತ್ತೆ ಎಲೆಯ ಮುಂದೆ ಕೂರುವ ತಾಯಿಯನ್ನು ಕಂಡು, ‘ಇವರು ನಮ್ಮ ಅಪ್ಪನೇ ಅಲ್ಲ, ನಮ್ಮ ಅಮ್ಮ ಎಂದೋ ಹೋದರು’ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸಂಕಟವಿದೆ. ಆದರೆ ಅದು ಋಷಿಯ ತೀರ್ಪೇ: ತಲೆ ಕೆಟ್ಟರೆ ಮನುಷ್ಯನಿಲ್ಲ. ಜ್ಞಾನಾವರಣೀಯ ಕರ್ಮದ ಉದಯದಿಂದ ಅರಿವು ಮುಚ್ಚಿಹೋಗಬಹುದು, ಉಪಯೋಗಲಕ್ಷಣನಾದ ಜೀವನು ಅಳಿಯುವುದಿಲ್ಲ. ಕಂದೀಲಿನ ಗಾಜು ಮಸಿ ಹಿಡಿದರೆ ಬೆಳಕು ಮಸುಕಾಗುತ್ತದೆ, ದೀಪ ನಂದಿತೆಂದು ಎಣ್ಣೆ ಹಾಕುವುದನ್ನು ಯಾರೂ ಬಿಡುವುದಿಲ್ಲ.

ರಾತ್ರಿಭೋಜನತ್ಯಾಗದ ವ್ರತವನ್ನು ಐವತ್ತು ವರ್ಷ ನಡೆಸಿದ ತಾಯಿ, ವ್ರತವನ್ನು ಮರೆತು ರಾತ್ರಿ ಊಟ ಕೇಳಿದರೆ ಅವಳಿಗೆ ದೋಷ ಬಂತೇ? ಹಿಂಸೆಯ ಮೂಲ ಪ್ರಮಾದವೆಂದು ಉಮಾಸ್ವಾತಿಗಳು ತಿಳಿಸಿದ್ದಾರೆ. ತಾನು ಏನು ಮಾಡುತ್ತಿದ್ದೇನೆಂಬುದೇ ತಿಳಿಯದವಳಲ್ಲಿ ವ್ರತಭಂಗದ ಸಂಕಲ್ಪವಿಲ್ಲ. ಎಚ್ಚರವಿರುವುದು ನಮ್ಮಲ್ಲಿ, ಆದುದರಿಂದ ಹೊಣೆಯೂ ನಮ್ಮದು. ಹೊತ್ತು ಮುಳುಗುವ ಮುನ್ನ ಅವಳಿಗೆ ಉಣಬಡಿಸುವುದು ಅವಳ ವ್ರತಕ್ಕೆ ನಾವು ಕೊಡುವ ಗೌರವ. ಆದರೆ ಕಾಯಿಲೆಗೋ ಔಷಧಕ್ಕೋ ರಾತ್ರಿ ಆಹಾರ ಅಗತ್ಯವಾದರೆ ಅದನ್ನು ತಡೆದು ಅವಳನ್ನು ನೋಯಿಸುವುದು ವ್ರತಪಾಲನೆಯಲ್ಲ, ನಮ್ಮ ಹಟ.

ದೇವಸ್ಥಾನದ ಟ್ರಸ್ಟುಗಳಿಗೂ ಒಂದು ಮಾತು. ಹಿರಿಯರು ಅವರೇ ಆಗಿದ್ದಾರೆ ಎಂಬುದರಿಂದ ಅವರ ಒಪ್ಪಿಗೆಗೆ ಎಂದಿನ ಬೆಲೆಯಿದೆ ಎಂದಾಗುವುದಿಲ್ಲ. ವ್ಯಕ್ತಿ ಉಳಿಯುವುದು ಬೇರೆ, ಸಮ್ಮತಿಸುವ ಶಕ್ತಿ ಉಳಿಯುವುದು ಬೇರೆ. ವ್ಯವಹಾರವನ್ನು ಅರಿತು ನಿರ್ಣಯಿಸಬಲ್ಲ ಸ್ವಸ್ಥಚಿತ್ತವಿಲ್ಲದವನ ಕರಾರು ಸಲ್ಲದೆಂಬುದು 1872ರ ಕರಾರು ಕಾಯಿದೆಯ ನಿಯಮ. ಮರೆವಿಗೆ ಸಿಕ್ಕವರ ಹೆಬ್ಬೆಟ್ಟನ್ನು ಒತ್ತಿಸಿ ಆಸ್ತಿಯನ್ನು ಮಕ್ಕಳ ಹೆಸರಿಗೆ ಮಾಡಿಸಿಕೊಳ್ಳುವುದು ಕಳವು. ಅದೇ ರೀತಿಯಲ್ಲಿ ಬಸದಿಗೆ ದಾನಪತ್ರ ಬರೆಸಿಕೊಂಡರೂ ಅದು ಕಳವೇ, ಜಿನಬಿಂಬದ ಮುಂದಿಟ್ಟರೆ ಅದು ಶುದ್ಧವಾಗುವುದಿಲ್ಲ. ಅಂಥ ದಾನ ಬಂದಾಗ ದಾನಿಯ ಸ್ಥಿತಿಯನ್ನು ವಿಚಾರಿಸಿ ಹಿಂದಿರುಗಿಸುವ ಧೈರ್ಯ ಟ್ರಸ್ಟಿಗಳಿಗೆ ಇರಬೇಕು. ‘ಅದು ಹಿಂದಿನ ಸಮಿತಿಯವರು ಮಾಡಿದ್ದು’ ಎಂಬ ಉತ್ತರವೂ ಸಾಲದು. ಹಿಂದಿನವರ ಜಮೆಯನ್ನು ಉಣ್ಣುವ ಸಂಸ್ಥೆ ಅವರ ಬಾಕಿಯನ್ನೂ ಹೊರಬೇಕಾಗುತ್ತದೆ.

ಕಾರ್ನಾಡರ ನಾಟಕವು ತಲೆ ದೊಡ್ಡದೋ ಒಡಲು ದೊಡ್ಡದೋ ಎಂದು ಕೇಳಿ, ಎರಡೂ ಸಾಲದೆಂದು ತೋರಿಸಿತು. ಅದು ಸಣ್ಣ ಕೆಲಸವಲ್ಲ. ಜನ್ನನ ಕಾವ್ಯ ಕೇಳುವುದು ಬೇರೆ ಪ್ರಶ್ನೆ: ನೀನು ಒಪ್ಪಿದ್ದೇನು? ನಮ್ಮ ಮನೆಯ ಹುಡುಗರು ಎರಡನ್ನೂ ಓದಲಿ. ನಾಟಕ ಸುಲಭವಾಗಿ ದೊರೆಯುತ್ತದೆ. ಹಳಗನ್ನಡದ ಕಾವ್ಯವನ್ನು ಹಿರಿಯರು ಯಾರಾದರೂ ಬಸದಿಯ ಸ್ವಾಧ್ಯಾಯದಲ್ಲಿ, ಈ ಚಾತುರ್ಮಾಸದಲ್ಲಾಗಲಿ ಬರುವ ಚಾತುರ್ಮಾಸದಲ್ಲಾಗಲಿ, ದಿನಕ್ಕೆ ಹತ್ತು ಪದ್ಯಗಳಂತೆ ಅರ್ಥ ಹೇಳಿ ಓದಿಸಿದರೆ ತಿಂಗಳೊಂದರಲ್ಲಿ ಮುಗಿಯುತ್ತದೆ.